ಅಪ್ಪನ ಫೋನಿನಲ್ಲಿ ಮಕ್ಕಳ ಇಂಟರ್ನೆಟ್: ಪ್ರೌಢಶಾಲೆಯಲ್ಲಿ ಏನು ಹೇಳಿಕೊಡಬೇಕು?

ಪ್ರಶ್ನೆ: ಸೀಮೆಸುಣ್ಣ

ನಮ್ಮದು ಹಳ್ಳಿ ಕಡೆಯ ಸರ್ಕಾರಿ ಪ್ರೌಢಶಾಲೆ. 9 ಮತ್ತು 10ನೇ ತರಗತಿಗೆ ಇಂಟರ್ನೆಟ್ ಸುರಕ್ಷತೆ ಬಗ್ಗೆ ಹೇಳಲು ಎರಡು ಪೀರಿಯಡ್, ಒಟ್ಟು 80 ನಿಮಿಷ ಸಿಕ್ಕಿದೆ. ಪೋಷಕರ ಸಭೆಯಲ್ಲೂ ಅರ್ಧ ಗಂಟೆ ಇದೆ. ಸಿಗುವ ಸಾಮಗ್ರಿಯೆಲ್ಲ ಮಗುವಿಗೆ ತನ್ನದೇ ಫೋನು, ತನ್ನದೇ ಲ್ಯಾಪ್‌ಟಾಪ್ ಇದೆ ಅಂದುಕೊಂಡು ಬರೆದದ್ದು. ಇಲ್ಲಿ ಹಾಗಿಲ್ಲ. ಸಂಜೆ ಅಪ್ಪ ಮನೆಗೆ ಬಂದ ಮೇಲೆ ಅವರ ಫೋನು ಮಕ್ಕಳ ಕೈಗೆ ಬರುತ್ತದೆ. ಡೇರಿ ದುಡ್ಡು ಬೀಳುವ ಖಾತೆಯ ಫೋನ್‌ಪೇ, ಅಮ್ಮನ ಸಂಘದ ವಾಟ್ಸಾಪ್ ಗ್ರೂಪು, ಮಗನ ಫ್ರೀ ಫೈರ್ ಮ್ಯಾಕ್ಸ್, ಮಗಳ ಇನ್‌ಸ್ಟಾಗ್ರಾಂ ಎಲ್ಲ ಅದರಲ್ಲೇ. ವಯಸ್ಸು ಸುಳ್ಳು ಹೇಳಿ ತೆರೆದ ಅಕೌಂಟೇ ಹೆಚ್ಚು.

ಮೂರು ವಿಷಯ ತಿಳಿಯಬೇಕಿತ್ತು. ಇಂಥ ಹಂಚಿಕೊಂಡ ಫೋನಿನಲ್ಲಿ ಯಾವ ಸೆಟ್ಟಿಂಗ್ ನಿಜಕ್ಕೂ ಕೆಲಸಕ್ಕೆ ಬರುತ್ತದೆ? ಫೋಟೊ ಅಥವಾ ವಿಡಿಯೊ ಇಟ್ಟುಕೊಂಡು ಮಗುವನ್ನು ಯಾರಾದರೂ ಹೆದರಿಸುತ್ತಿದ್ದರೆ ಮೊದಲು ಏನು ಮಾಡಬೇಕು, ಶಾಲೆಯ ಕರ್ತವ್ಯ ಏನು? ಈ 80 ನಿಮಿಷವನ್ನು ಯಾವುದಕ್ಕೆ ಕೊಡಲಿ?

ಉತ್ತರ: ಸಿಗ್ನಲ್ ಕಡ್ಡಿ

ಮೇಡಂ, ಪೋಷಕರ ಸಭೆಯಲ್ಲಿ ಭಾಷಣ ಬೇಡ. ಅವರವರ ಫೋನು ಕೈಗೆ ತೆಗೆಸಿ, ಅಲ್ಲೇ ಸೆಟ್ಟಿಂಗ್ ಬದಲಾಯಿಸಲು ಹೇಳಿ. ಅರ್ಧ ಗಂಟೆಯಲ್ಲಿ ನಾಲ್ಕು ಕೆಲಸ ಆಗುತ್ತದೆ.

ಮೊದಲನೆಯದು ದುಡ್ಡು. ಫೋನ್‌ಪೇ, ಗೂಗಲ್ ಪೇ ತೆರೆಯುವಾಗ ಕೇಳುವುದು ಸಾಮಾನ್ಯವಾಗಿ ಫೋನಿನ ಸ್ಕ್ರೀನ್ ಲಾಕನ್ನೇ. ಆ ಪ್ಯಾಟರ್ನ್ ಮನೆಯ ಮಕ್ಕಳಿಗೆಲ್ಲ ಗೊತ್ತು. ಅಂದರೆ ಉಳಿದಿರುವ ತಡೆ ಯುಪಿಐ ಪಿನ್ ಒಂದೇ. ಅದನ್ನೂ ದಾಟುವ ದಾರಿ ಎರಡಿವೆ, ಪೋಷಕರಿಗೆ ಇವು ಗೊತ್ತಿರುವುದಿಲ್ಲ. ಒಂದು ಯುಪಿಐ ಲೈಟ್. ಅದರಲ್ಲಿ 5,000 ರೂಪಾಯಿವರೆಗೆ ಇಟ್ಟುಕೊಳ್ಳಬಹುದು, ಒಂದು ಸಲಕ್ಕೆ 1,000ದವರೆಗೆ ಪಿನ್ ಕೇಳದೆ ಹೋಗುತ್ತದೆ. ಮಗು ಬಳಸುವ ಫೋನಿನಲ್ಲಿ ಲೈಟ್ ಬೇಡ, ಆಫ್ ಮಾಡಿಸಿ. ಉಳಿದ ಹಣ ಬ್ಯಾಂಕ್ ಖಾತೆಗೆ ವಾಪಸ್ ಬರುತ್ತದೆ. ಇನ್ನೊಂದು ಬೆರಳಚ್ಚು. ಪಿನ್ ಬದಲು ಬೆರಳಚ್ಚಿನಿಂದ ಯುಪಿಐ ಪಾವತಿ ಮಾಡುವ ಸೌಲಭ್ಯ 2025ರ ಅಕ್ಟೋಬರ್‌ನಲ್ಲಿ ಶುರುವಾಗಿದೆ. ಫೋನಿಗೆ ಮಗನ ಬೆರಳನ್ನೂ ಸೇರಿಸಿಟ್ಟಿದ್ದರೆ ಆ ಬೆರಳೇ ಸಹಿ ಆಗಿಬಿಡಬಹುದು. ಸೆಟ್ಟಿಂಗ್ಸ್‌ನಲ್ಲಿ ಫಿಂಗರ್‌ಪ್ರಿಂಟ್ ಪಟ್ಟಿ ತೆರೆದು ಎಷ್ಟು ಬೆರಳಿವೆ, ಯಾರ್‍ಯಾರದು ಅಂತ ನೋಡಿ, ಬೇಡದ್ದನ್ನು ಅಳಿಸಿ.

ರೆಡ್ಮಿ, ರಿಯಲ್‌ಮಿ, ವಿವೊ, ಒಪ್ಪೊ ಫೋನುಗಳ ಸೆಟ್ಟಿಂಗ್ಸ್‌ನಲ್ಲೇ ಆ್ಯಪ್ ಲಾಕ್ ಇರುತ್ತದೆ. ಅದಕ್ಕೆ ಸ್ಕ್ರೀನ್ ಲಾಕಿಗಿಂತ ಬೇರೆಯದೇ ಪಾಸ್‌ವರ್ಡ್ ಇಡಬೇಕು, ಇಲ್ಲದಿದ್ದರೆ ಹಾಕಿ ಪ್ರಯೋಜನವಿಲ್ಲ. ಸ್ಯಾಮ್‌ಸಂಗ್‌ನಲ್ಲಿ ಈ ಕೆಲಸಕ್ಕೆ ಸೆಕ್ಯೂರ್ ಫೋಲ್ಡರ್ ಇದೆ, ಕಡಿಮೆ ಬೆಲೆಯ ಕೆಲವು ಮಾಡೆಲ್‌ಗಳಲ್ಲಿ ಸಿಗುವುದಿಲ್ಲ.

ಎರಡನೆಯದು ಪ್ಲೇ ಸ್ಟೋರ್. ಪ್ರೊಫೈಲ್ ಚಿತ್ರ ಒತ್ತಿ ಸೆಟ್ಟಿಂಗ್ಸ್‌ಗೆ ಹೋಗಿ, ಪ್ರತಿ ಖರೀದಿಗೂ ದೃಢೀಕರಣ ಕೇಳುವ ಹಾಗೆ ಮಾಡಿ. ಆಮೇಲೆ ಯುಪಿಐ ಆ್ಯಪ್‌ನಲ್ಲಿ 'ಆಟೊಪೇ' ಅನ್ನುವ ಜಾಗ ತೆರೆದು ನೋಡಿ. "ಮೊದಲ ತಿಂಗಳು 1 ರೂಪಾಯಿ" ಅಂತ ಒತ್ತಿದ ಆ್ಯಪ್‌ಗಳು ತಿಂಗಳು ತಿಂಗಳು ಎಳೆಯುತ್ತಿರುತ್ತವೆ. ಆ್ಯಪ್ ಡಿಲೀಟ್ ಮಾಡಿದರೆ ಅದು ನಿಲ್ಲುವುದಿಲ್ಲ, ಆಟೊಪೇಯಲ್ಲೇ ರದ್ದು ಮಾಡಬೇಕು.

ಮೂರನೆಯದಕ್ಕೆ ಹೆಚ್ಚು ಹೊತ್ತು ಕೊಡಿ: ಎಪಿಕೆ ಫೈಲ್. "ಡೈಮಂಡ್ ಫ್ರೀ", "ಎಸ್ಸೆಸ್ಸೆಲ್ಸಿ ರಿಸಲ್ಟ್", "ಮದುವೆ ಆಮಂತ್ರಣ" ಅಂತ ವಾಟ್ಸಾಪ್‌ನಲ್ಲಿ ಬರುವ ಫೈಲಿನ ಹೆಸರಿನ ಕೊನೆಯಲ್ಲಿ ಎಪಿಕೆ ಅಂತಿದ್ದರೆ ಅದು ಫೋಟೊ ಅಲ್ಲ, ಪಿಡಿಎಫ್ ಅಲ್ಲ, ಆ್ಯಪ್. ಹಾಕಿಕೊಂಡ ಕೂಡಲೇ ಎಸ್ಸೆಮ್ಮೆಸ್ ಓದಲು ಮತ್ತು 'ಆ್ಯಕ್ಸೆಸಿಬಿಲಿಟಿ'ಗೆ ಅನುಮತಿ ಕೇಳುತ್ತದೆ. ಮೊದಲನೆಯದು ಸಿಕ್ಕರೆ ಬ್ಯಾಂಕಿನ ಒಟಿಪಿ ಅವರಿಗೆ ಹೋಗುತ್ತದೆ, ಎರಡನೆಯದು ಸಿಕ್ಕರೆ ನಿಮ್ಮ ಸ್ಕ್ರೀನಿನಲ್ಲಿ ಅವರೇ ಬಟನ್ ಒತ್ತಬಹುದು. ಬಾಗಿಲು ಮುಚ್ಚುವುದು ಸುಲಭ: ಸೆಟ್ಟಿಂಗ್ಸ್‌ನ ಹುಡುಕುವ ಜಾಗದಲ್ಲಿ 'ಇನ್‌ಸ್ಟಾಲ್ ಅನ್‌ನೋನ್ ಆ್ಯಪ್ಸ್' ಹುಡುಕಿ, ವಾಟ್ಸಾಪ್, ಕ್ರೋಮ್, ಟೆಲಿಗ್ರಾಂ, ಫೈಲ್ಸ್ ಎಲ್ಲದಕ್ಕೂ ಆಫ್ ಮಾಡಿ. ಎಸ್ಸೆಸ್ಸೆಲ್ಸಿ ಫಲಿತಾಂಶಕ್ಕೆ ಯಾವ ಆ್ಯಪೂ ಬೇಕಿಲ್ಲ, ಕರ್‌ರಿಸಲ್ಟ್ಸ್ ಡಾಟ್ ಎನ್‌ಐಸಿ ಡಾಟ್ ಇನ್‌ನಲ್ಲಿ ಹಣವಿಲ್ಲದೆ ಸಿಗುತ್ತದೆ. ವಿದ್ಯಾರ್ಥಿವೇತನಕ್ಕೆ ರಾಜ್ಯದ ಎಸ್‌ಎಸ್‌ಪಿ ಪೋರ್ಟಲ್ ಇದೆ, ಅದರ ಹೆಸರಿನಲ್ಲಿ ಬರುವ ಫಾರ್ವರ್ಡ್ ಲಿಂಕ್ ಒತ್ತುವುದು ಬೇಡ.

ಒಂದುವೇಳೆ ಎಪಿಕೆ ಹಾಕಿಬಿಟ್ಟಿದ್ದರೆ ಮೊದಲು ಫ್ಲೈಟ್ ಮೋಡ್. ವೈಫೈ ಕೂಡ ಆಫ್ ಆಗಿದೆಯಾ ನೋಡಿ. ಆಮೇಲೆ ಅನ್‌ಇನ್‌ಸ್ಟಾಲ್ ಮಾಡಿ. ಅನ್‌ಇನ್‌ಸ್ಟಾಲ್ ಬಟನ್ ಮಸುಕಾಗಿದ್ದರೆ ಆ ಆ್ಯಪ್ 'ಡಿವೈಸ್ ಅಡ್ಮಿನ್' ಪಟ್ಟಿಯಲ್ಲಿ ಸೇರಿಕೊಂಡಿದೆ ಅಂತರ್ಥ. ಅಲ್ಲಿ ಟಿಕ್ ತೆಗೆದರೆ ಹೋಗುತ್ತದೆ. ಬ್ಯಾಂಕಿಗೆ ಬೇರೆ ಫೋನಿನಿಂದಲೇ ಕರೆ ಮಾಡಿ, ಯುಪಿಐ ಪಿನ್ ಬದಲಿಸುವುದನ್ನೂ ಸಿಮ್ ಬೇರೆ ಫೋನಿಗೆ ಹಾಕಿಕೊಂಡು ಅಲ್ಲೇ ಮಾಡಿ.

ನಾಲ್ಕನೆಯದು ಅಶ್ಲೀಲ ಸೈಟುಗಳ ತಡೆ. ಆಂಡ್ರಾಯ್ಡ್ 9 ಅಥವಾ ಹೊಸದಿದ್ದರೆ 'ಪ್ರೈವೇಟ್ ಡಿಎನ್‌ಎಸ್' ಅನ್ನುವಲ್ಲಿ ಫ್ಯಾಮಿಲಿ ಡಾಟ್ ಕ್ಲೌಡ್‌ಫ್ಲೇರ್ ಹೈಫನ್ ಡಿಎನ್‌ಎಸ್ ಡಾಟ್ ಕಾಮ್ ಅಂತ ಇಂಗ್ಲಿಷಿನಲ್ಲಿ ಟೈಪ್ ಮಾಡಿ. ಖರ್ಚಿಲ್ಲ, ಆ್ಯಪ್ ಬೇಡ. ಬ್ರೌಸರಿನಲ್ಲಿ ಕೆಟ್ಟ ಸೈಟು ಬಹುತೇಕ ತೆರೆಯುವುದಿಲ್ಲ. ಆದರೆ ಇನ್‌ಸ್ಟಾಗ್ರಾಂ, ಟೆಲಿಗ್ರಾಂ ಒಳಗೆ ಬರುವುದನ್ನು ಇದು ತಡೆಯುವುದಿಲ್ಲ, ಇದನ್ನು ಪೋಷಕರಿಗೆ ಸ್ಪಷ್ಟವಾಗಿ ಹೇಳಿ. ಮಗುವಿನ ಫೋನನ್ನು ಪೋಷಕರು ದೂರದಿಂದಲೇ ನಿಯಂತ್ರಿಸುವ ಗೂಗಲ್ ಫ್ಯಾಮಿಲಿ ಲಿಂಕ್ ಆ್ಯಪ್ ಮಗುವಿಗೇ ಬೇರೆ ಫೋನು ಕೊಟ್ಟವರಿಗೆ ಚೆನ್ನ, ಅಪ್ಪನ ಫೋನಿಗೆ ಅದು ಹೊಂದುವುದಿಲ್ಲ.

ಉತ್ತರ: ಕಪ್ಪುಕೋಟು ಧಾರವಾಡ

ಎರಡನೇ ಪ್ರಶ್ನೆಗೆ ಬರುತ್ತೇನೆ, ಜೀವಕ್ಕೆ ಸಂಬಂಧಪಟ್ಟದ್ದು ಅದೇ.

ಬೆದರಿಕೆ ಬರುವ ರೀತಿ ಹೆಚ್ಚುಕಡಿಮೆ ಒಂದೇ. ಹುಡುಗಿಯ ಫೋಟೊ ಇರುವ ಪ್ರೊಫೈಲ್‌ನಿಂದ ಫಾಲೊ ರಿಕ್ವೆಸ್ಟ್. ಒಂದೆರಡು ದಿನ ಚೆನ್ನಾಗಿ ಮಾತು. ಆಮೇಲೆ ವಾಟ್ಸಾಪ್ ನಂಬರ್ ಕೇಳಿ ವಿಡಿಯೊ ಕರೆ. ಅಷ್ಟರೊಳಗೆ ಅವರು ಮಗುವಿನ ಫಾಲೋವರ್ ಪಟ್ಟಿಯ ಸ್ಕ್ರೀನ್‌ಶಾಟ್ ತೆಗೆದಿಟ್ಟಿರುತ್ತಾರೆ. ಕರೆ ಮುಗಿದ ಕೂಡಲೇ ರೆಕಾರ್ಡಿಂಗ್ ಮತ್ತು ಆ ಪಟ್ಟಿ ಎರಡೂ ಒಟ್ಟಿಗೆ ಬರುತ್ತವೆ: "ಇವರೆಲ್ಲರಿಗೂ ಕಳಿಸುತ್ತೇನೆ, ಹತ್ತು ನಿಮಿಷದಲ್ಲಿ ದುಡ್ಡು ಹಾಕು." ಮಗು ಹೆದರುವುದು ಆ ಪಟ್ಟಿಯಲ್ಲಿ ಮಾವನ ಹೆಸರು, ಟೀಚರ್ ಹೆಸರು ಕಂಡಾಗ. ಗಂಡುಮಕ್ಕಳೂ ಇದಕ್ಕೆ ಸಿಕ್ಕಿಬೀಳುತ್ತಾರೆ, ನಾಚಿಕೆಗೆ ಇನ್ನೂ ಕಡಿಮೆ ಹೇಳಿಕೊಳ್ಳುತ್ತಾರೆ. ದಯವಿಟ್ಟು ಇದನ್ನು ಹೆಣ್ಣುಮಕ್ಕಳ ವಿಷಯ ಅಂತ ಮಾಡಬೇಡಿ.

ಮೊದಲ ಗಂಟೆಯ ಕ್ರಮ ಹೀಗಿರಲಿ. ದುಡ್ಡು ಹಾಕಬಾರದು; ಒಮ್ಮೆ ಹಾಕಿದರೆ ಈ ಮಗು ಕೊಡುತ್ತದೆ ಅಂತ ಗೊತ್ತಾಗಿ ಮೊತ್ತ ಏರುತ್ತದೆ. ಉತ್ತರವನ್ನೂ ಕೊಡಬಾರದು. ಬ್ಲಾಕ್ ಮಾಡುವ ಮೊದಲು ಸಾಕ್ಷ್ಯ ತೆಗೆಯಬೇಕು: ಬೆದರಿಕೆಯ ಮೆಸೇಜು, ಪ್ರೊಫೈಲ್ ಪುಟ, ಯೂಸರ್‌ನೇಮ್, ಪ್ರೊಫೈಲ್ ಲಿಂಕ್ ಕಾಪಿ, ಅವರು ಕೊಟ್ಟ ಯುಪಿಐ ಐಡಿ ಅಥವಾ ಕ್ಯೂಆರ್, ಫೋನ್ ನಂಬರ್, ದಿನಾಂಕ ಸಮಯ. ಹೆಸರು ಮತ್ತು ಡಿಪಿ ಗಳಿಗೆಯಲ್ಲಿ ಬದಲಾಗುತ್ತವೆ, ಹಾಗಾಗಿ ಡಿಪಿಯ ಸ್ಕ್ರೀನ್‌ಶಾಟ್ ಒಂದೇ ಸಾಲದು. ಇಲ್ಲಿ ಒಂದು ಎಚ್ಚರಿಕೆ: ಆ ನಗ್ನ ಚಿತ್ರವನ್ನು ಸಾಕ್ಷ್ಯ ಅಂತ ನಿಮ್ಮ ಫೋನಿಗೆ ಕಳಿಸಿಕೊಳ್ಳಬೇಡಿ, ಮುಖ್ಯೋಪಾಧ್ಯಾಯರಿಗೂ ಫಾರ್ವರ್ಡ್ ಮಾಡಬೇಡಿ. ಮಗುವಿನ ಫೋನಿನಲ್ಲಿ ಇರುವ ಹಾಗೇ ಇರಲಿ, ಪೊಲೀಸರು ನೋಡಿಕೊಳ್ಳುತ್ತಾರೆ. ಮಾಹಿತಿ ತಂತ್ರಜ್ಞಾನ ಕಾಯ್ದೆಯ ಸೆಕ್ಷನ್ 67ಬಿ ಪ್ರಕಾರ ಮಕ್ಕಳ ಅಂಥ ಚಿತ್ರವನ್ನು ಹಂಚುವುದಷ್ಟೇ ಅಲ್ಲ, ಡೌನ್‌ಲೋಡ್ ಮಾಡುವುದೂ ಅಪರಾಧ. ಮೊದಲ ಸಲಕ್ಕೇ 5 ವರ್ಷದವರೆಗೆ ಜೈಲು, 10 ಲಕ್ಷದವರೆಗೆ ದಂಡ.

ಸಾಕ್ಷ್ಯ ತೆಗೆದ ಮೇಲೆ ಆ ಪ್ರೊಫೈಲ್ ರಿಪೋರ್ಟ್ ಮಾಡಿ, ಬ್ಲಾಕ್ ಮಾಡಿ. ಮಗುವಿನ ಅಕೌಂಟ್ ಡಿಲೀಟ್ ಮಾಡಬೇಡಿ, ಚಾಟ್ ಅದರ ಜೊತೆಗೇ ಹೋಗಿಬಿಡುತ್ತದೆ. ಬೇಕಾದರೆ ತಾತ್ಕಾಲಿಕವಾಗಿ ಡಿಆ್ಯಕ್ಟಿವೇಟ್ ಮಾಡಬಹುದು.

ಚಿತ್ರ ಹರಡದಂತೆ ಮಾಡಲು 'ಟೇಕ್ ಇಟ್ ಡೌನ್' ಅನ್ನುವ ಉಚಿತ ಸೇವೆ ಇದೆ. ಕಾಣೆಯಾದ ಮತ್ತು ಶೋಷಣೆಗೊಳಗಾದ ಮಕ್ಕಳಿಗಾಗಿ ಇರುವ ಅಮೆರಿಕದ ಎನ್‌ಸಿಎಂಇಸಿ ಸಂಸ್ಥೆ ನಡೆಸುತ್ತದೆ, ನಮ್ಮ ಮಕ್ಕಳೂ ಬಳಸಬಹುದು. 18 ತುಂಬುವ ಮೊದಲಿನ ಚಿತ್ರಗಳಿಗೆ ಇದು. ಚಿತ್ರ ಫೋನಿನಿಂದ ಹೊರಗೆ ಹೋಗುವುದಿಲ್ಲ. ಅದರಿಂದ ಲೆಕ್ಕ ಹಾಕಿದ ಒಂದು ಗುರುತುಸಂಖ್ಯೆ ಮಾತ್ರ ಹೋಗುತ್ತದೆ, ಇನ್‌ಸ್ಟಾಗ್ರಾಂ, ಫೇಸ್‌ಬುಕ್, ಸ್ನ್ಯಾಪ್‌ಚಾಟ್ ಮುಂತಾದವು ಅದಕ್ಕೆ ಹೊಂದುವ ಚಿತ್ರವನ್ನು ತಮ್ಮಲ್ಲಿ ಹುಡುಕಿ ತೆಗೆಯುತ್ತವೆ. ಎಐನಿಂದ ತಿರುಚಿದ ಚಿತ್ರಕ್ಕೂ ನಡೆಯುತ್ತದೆ. ಮಿತಿ ಎರಡು: ಚಿತ್ರವನ್ನು ಕತ್ತರಿಸಿ ಬದಲಿಸಿದ್ದರೆ ಅದಕ್ಕೆ ಮತ್ತೆ ಬೇರೆಯಾಗಿ ಸೇರಿಸಬೇಕು, ವಾಟ್ಸಾಪ್ ಚಾಟ್ ಒಳಗಿನ ಹಂಚಿಕೆಗೆ ಇದು ತಲುಪುವುದಿಲ್ಲ.

ದೂರು: ಸೈಬರ್‌ಕ್ರೈಮ್ ಡಾಟ್ ಗವ್ ಡಾಟ್ ಇನ್ ಪೋರ್ಟಲ್‌ನಲ್ಲಿ ಮಹಿಳೆ ಮತ್ತು ಮಕ್ಕಳ ವಿಭಾಗ ಬೇರೆಯೇ ಇದೆ, ಹೆಸರು ಹೇಳದೆಯೂ ಮಾಹಿತಿ ಕೊಡಬಹುದು. ಆದರೆ ತನಿಖೆ ಮುಂದುವರಿಯಬೇಕಾದರೆ ಹೆಸರು ಕೊಟ್ಟೇ ದೂರು ಕೊಡಿ. ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧ ನೋಡಿಕೊಳ್ಳುವ ಜಿಲ್ಲೆಯ ಸೆನ್ ಠಾಣೆಗೆ ಹೋಗಬಹುದು, ದೂರವಾದರೆ ಹತ್ತಿರದ ಯಾವ ಠಾಣೆಯಾದರೂ ಆಗುತ್ತದೆ. ಮಕ್ಕಳ ಸಹಾಯವಾಣಿ 1098. ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930. ಆಗ ಕೈಯಲ್ಲಿ ಬ್ಯಾಂಕಿನ ಹೆಸರು, ಮೊತ್ತ, ಸಮಯ, ಯುಪಿಐ ವ್ಯವಹಾರದ 12 ಅಂಕಿಯ ಯುಟಿಆರ್ ನಂಬರ್ ಇರಲಿ. ಹಣ ಇನ್ನೂ ಮುಂದಿನ ಖಾತೆಗೆ ದಾಟದಿದ್ದರೆ ತಡೆಹಿಡಿಯಲು ಸಾಧ್ಯ, ಆದ್ದರಿಂದ ನಾಳೆ ಬೆಳಿಗ್ಗೆ ನೋಡೋಣ ಅನ್ನಬಾರದು.

ಶಾಲೆಯ ಕರ್ತವ್ಯ: ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಪೋಕ್ಸೊ ಕಾಯ್ದೆ 2012ರ ಸೆಕ್ಷನ್ 19ರಂತೆ ವಿಷಯ ತಿಳಿದ ಯಾರೇ ಆದರೂ ಪೊಲೀಸರಿಗೆ ಅಥವಾ ವಿಶೇಷ ಬಾಲಾಪರಾಧಿ ಪೊಲೀಸ್ ಘಟಕಕ್ಕೆ ತಿಳಿಸಲೇಬೇಕು. ಮುಚ್ಚಿಟ್ಟರೆ ಸೆಕ್ಷನ್ 21ರಲ್ಲಿ 6 ತಿಂಗಳವರೆಗೆ ಜೈಲು. ತನ್ನ ಕೈಕೆಳಗಿನ ನೌಕರನೇ ಆರೋಪಿಯಾಗಿದ್ದು ಸಂಸ್ಥೆಯ ಮುಖ್ಯಸ್ಥರು ಮುಚ್ಚಿಟ್ಟರೆ 1 ವರ್ಷದವರೆಗೆ. "ಊರಲ್ಲೇ ರಾಜಿ ಮಾಡಿಸೋಣ" ಅನ್ನುವುದಕ್ಕೆ ಇಲ್ಲಿ ಜಾಗವೇ ಇಲ್ಲ. ಒಳ್ಳೆಯ ಉದ್ದೇಶದಿಂದ ಮಾಹಿತಿ ಕೊಟ್ಟವರಿಗೆ ಕಾನೂನಿನ ರಕ್ಷಣೆ ಇದೆ. ಪೋಷಕರ ದೊಡ್ಡ ಭಯ ಠಾಣೆಯದು. ಅವರಿಗೆ ಸೆಕ್ಷನ್ 24 ತಿಳಿಸಿ: ಹೇಳಿಕೆಯನ್ನು ಮಗುವಿನ ಮನೆಯಲ್ಲಿ ಅಥವಾ ಮಗು ಬಯಸಿದ ಜಾಗದಲ್ಲಿ ದಾಖಲಿಸಬೇಕು, ಸಾಧ್ಯವಾದಷ್ಟು ಮಹಿಳಾ ಸಬ್ ಇನ್‌ಸ್ಪೆಕ್ಟರ್, ಅದೂ ಸಮವಸ್ತ್ರವಿಲ್ಲದೆ. ರಾತ್ರಿ ಹೊತ್ತು ಮಗುವನ್ನು ಠಾಣೆಯಲ್ಲಿ ಇರಿಸಿಕೊಳ್ಳುವಂತಿಲ್ಲ.

ಉತ್ತರ: ನೇರನುಡಿ

ಇಷ್ಟೆಲ್ಲ ಯಾಕೆ? ಹತ್ತನೇ ತರಗತಿ ಮುಗಿಯುವವರೆಗೆ ಫೋನ್ ಕೈಗೇ ಕೊಡಬಾರದು ಅಂತ ಪೋಷಕರ ಸಭೆಯಲ್ಲಿ ತೀರ್ಮಾನ ಮಾಡಿ. ಓದುವ ಮಕ್ಕಳಿಗೆ ಇನ್‌ಸ್ಟಾಗ್ರಾಂ ಯಾತಕ್ಕೆ ಬೇಕು?

ಉತ್ತರ: ಆಪ್ತಮಾತು

ನೇರನುಡಿ ಅವರೇ, ನಿಮ್ಮ ಕಾಳಜಿ ಅರ್ಥವಾಗುತ್ತದೆ. ಆದರೆ ಇದರಿಂದ ಬೆದರಿಸುವವನಿಗೇ ಅನುಕೂಲ. "ನಿಮ್ಮಪ್ಪನಿಗೆ ಗೊತ್ತಾದರೆ ಏನಾಗುತ್ತೆ ನೋಡು" ಅನ್ನುವುದು ಅವನ ಮುಖ್ಯ ಅಸ್ತ್ರ. ಫೋನು ಕಸಿದುಕೊಳ್ಳುತ್ತಾರೆ, ಶಾಲೆ ಬಿಡಿಸುತ್ತಾರೆ, ಮದುವೆ ಮಾಡಿಬಿಡುತ್ತಾರೆ ಅನ್ನುವ ಹೆದರಿಕೆ ಇರುವ ಮಗು ಬಾಯಿ ಬಿಡುವುದಿಲ್ಲ, ಅವನು ಹೇಳಿದಂತೆ ಕೇಳುತ್ತಾ ಹೋಗುತ್ತದೆ. ಫೋನು ಕೊಡದಿದ್ದರೂ ಗೆಳೆಯನ ಫೋನಿನಲ್ಲಿ ಅಕೌಂಟ್ ಇದ್ದೇ ಇರುತ್ತದೆ, ಅದರ ಮೇಲೆ ಯಾರ ಕಣ್ಣೂ ಇರುವುದಿಲ್ಲ. ಹೊತ್ತಿನ ಮಿತಿ ಬೇಕು, ರಾತ್ರಿ ಫೋನು ದೊಡ್ಡವರ ಕೋಣೆಯಲ್ಲೇ ಇರಬೇಕು, ಇದನ್ನೆಲ್ಲ ನಾನೂ ಹೇಳುತ್ತೇನೆ. ಆದರೆ ತೊಂದರೆ ಹೇಳಿಕೊಂಡ ಮಗುವಿಗೆ ಶಿಕ್ಷೆಯಾಗಿ ಫೋನ್ ಕಸಿಯುವುದಿಲ್ಲ ಅನ್ನುವ ಮಾತನ್ನು ಪೋಷಕರು ಮೊದಲೇ ಕೊಡಬೇಕು, ಮಗುವಿನ ಎದುರಿಗೇ ಕೊಡಬೇಕು.

ಇನ್‌ಸ್ಟಾಗ್ರಾಂನಲ್ಲಿ ಟೀನ್ ಅಕೌಂಟ್ 2025ರ ಫೆಬ್ರವರಿಯಿಂದ ನಮ್ಮ ದೇಶದಲ್ಲೂ ಇದೆ. ಅಕೌಂಟ್ ತಾನಾಗಿಯೇ ಪ್ರೈವೇಟ್, ಮಗು ತಾನು ಫಾಲೊ ಮಾಡದವರ ಮೆಸೇಜ್ ಬರುವುದಿಲ್ಲ, ರಾತ್ರಿ 10ರಿಂದ ಬೆಳಿಗ್ಗೆ 7ರವರೆಗೆ ಸ್ಲೀಪ್ ಮೋಡ್, 16ರ ಒಳಗಿನವರು ಇದನ್ನು ಸಡಿಲಿಸಬೇಕಾದರೆ ಪೋಷಕರ ಒಪ್ಪಿಗೆ ಬೇಕು. 20 ವರ್ಷ ಅಂತ ಸುಳ್ಳು ಹೇಳಿ ತೆರೆದ ಅಕೌಂಟಿಗೆ ಈ ಯಾವ ರಕ್ಷಣೆಯೂ ಸಿಗುವುದಿಲ್ಲ. ಬೈಯುವ ಬದಲು ನಿಜವಾದ ಹುಟ್ಟಿದ ದಿನಾಂಕಕ್ಕೆ ಬದಲಿಸಿಕೊಳ್ಳಲು ಮಕ್ಕಳಿಗೆ ಹೇಳಿ. 13 ತುಂಬಿರಬೇಕು ಅಷ್ಟೇ.

ಮೇಡಂ, 80 ನಿಮಿಷದ ಬಗ್ಗೆ. ಕಾನೂನಿನ ಸೆಕ್ಷನ್‌ಗಳನ್ನು ಮಕ್ಕಳ ಮುಂದೆ ಸಾಲಾಗಿ ಹೇಳಬೇಡಿ, ಮೊದಲೇ ಹೆದರಿದ ಮಗು ಇನ್ನೂ ಒಳಗೆ ಸರಿಯುತ್ತದೆ. ಮೊದಲ ಪೀರಿಯಡ್‌ನಲ್ಲಿ ಬೋರ್ಡಿನ ಮೇಲೆ ಒಂದು ಕಲ್ಪಿತ ಪ್ರೊಫೈಲ್ ಬರೆಯಿರಿ. ಡಿಪಿಯಲ್ಲಿ ಯೂನಿಫಾರಂ, ಜೇಬಿನ ಮೇಲೆ ಶಾಲೆಯ ಬ್ಯಾಡ್ಜ್. ಬಯೋದಲ್ಲಿ ಹುಟ್ಟಿದ ದಿನ. ಒಂದು ಸ್ಟೋರಿಯಲ್ಲಿ ಬಸ್ ಸ್ಟ್ಯಾಂಡ್, ಹಿಂದೆ ಬಸ್ಸಿನ ಬೋರ್ಡು. ಇನ್ನೊಂದರಲ್ಲಿ "ಟ್ಯೂಷನ್ ಮುಗೀತು, 7 ಗಂಟೆ". ಮೂರನೆಯದು "ಮನೇಲಿ ಒಬ್ಳೇ, ಬೋರ್". ಈಗ ಕೇಳಿ: ಈ ಹುಡುಗಿಯನ್ನು ನೋಡಿಯೇ ಇಲ್ಲದವನಿಗೆ ಏನೇನು ಗೊತ್ತಾಯಿತು? ಊರು, ಶಾಲೆ, ವಯಸ್ಸು, ಬರುವ ದಾರಿ, ಒಂಟಿಯಾಗಿರುವ ಹೊತ್ತು, ಎಲ್ಲವನ್ನೂ ಮಕ್ಕಳೇ ಪಟ್ಟಿ ಮಾಡುತ್ತಾರೆ. ಯಾವುದನ್ನು ಅಳಿಸಬೇಕು ಅಂತಲೂ ಅವರೇ ಬಂದು ಅಳಿಸಲಿ. ಸ್ನ್ಯಾಪ್‌ಚಾಟ್ ಇರುವವರಿಗೆ ಮ್ಯಾಪ್‌ನಲ್ಲಿ ತಾವಿರುವ ಜಾಗ ಬೇರೆಯವರಿಗೆ ಕಾಣದಂತೆ ಮಾಡುವ ಘೋಸ್ಟ್ ಮೋಡ್ ಹಾಕುವುದನ್ನು ಅಲ್ಲೇ ಹೇಳಿ.

ಎರಡನೇ ಪೀರಿಯಡ್ ಅರ್ಧವನ್ನು ನೋಡುವವರಿಗೆ ಕೊಡಿ. ಸಹಪಾಠಿಯ ಚಿತ್ರ ಗ್ರೂಪಿಗೆ ಬಂತು, ಮೂವತ್ತು ಜನ ನೋಡಿದರು, ಯಾರೂ ಏನೂ ಹೇಳಲಿಲ್ಲ. ಇದು ಯಾವ ತರಗತಿಯಲ್ಲೂ ನಡೆಯಬಹುದಾದದ್ದು. ಮಾಡಬೇಕಾದ್ದು: ಫಾರ್ವರ್ಡ್ ಮಾಡಬೇಡ, ಆ ಮೆಸೇಜನ್ನು ರಿಪೋರ್ಟ್ ಮಾಡು, ಅವತ್ತೇ ಟೀಚರಿಗೆ ಹೇಳು, ಆ ಹುಡುಗಿಯ ಪಕ್ಕ ಹೋಗಿ ಕೂತುಕೋ. ತಮಾಷೆಗೆ ಅಂತ ಎಐ ಆ್ಯಪ್‌ನಲ್ಲಿ ಗೆಳತಿಯ ಮುಖ ಹಾಕಿದ ಹುಡುಗನೂ ಬಾಲ ನ್ಯಾಯ ಮಂಡಳಿ ಮುಂದೆ ನಿಲ್ಲಬೇಕಾಗುತ್ತದೆ, ಇದೊಂದು ಕಾನೂನಿನ ಮಾತನ್ನು ಮಾತ್ರ ಹೇಳಿ.

ಉಳಿದರ್ಧ ಹೇಳಿಕೊಳ್ಳುವುದು ಹೇಗೆ ಅನ್ನುವುದಕ್ಕೆ. "ಏನೇ ಆಗಿರಲಿ ಬಾ, ನಾನು ಬೈಯಲ್ಲ" ಅನ್ನಿ. ಆದರೆ "ಯಾರಿಗೂ ಹೇಳಲ್ಲ" ಅಂತ ಮಾತು ಕೊಡಬೇಡಿ. ಕಪ್ಪುಕೋಟು ಅವರು ಹೇಳಿದ ಕಾರಣಕ್ಕೆ ಆ ಮಾತು ಉಳಿಸಿಕೊಳ್ಳಲು ನಿಮಗೆ ಆಗುವುದಿಲ್ಲ, ಮುರಿದರೆ ಮಗು ಮತ್ತೆ ಯಾರನ್ನೂ ನಂಬುವುದಿಲ್ಲ. "ಯಾರಿಗೆ ಹೇಳಬೇಕೋ ಅವರಿಗೆ ಮಾತ್ರ, ನಿನಗೆ ತಿಳಿಸಿಯೇ ಹೇಳುತ್ತೇನೆ" ಅನ್ನಿ. ಇದ್ದಕ್ಕಿದ್ದಂತೆ ಶಾಲೆ ತಪ್ಪಿಸುವುದು, ಐನೂರು ಸಾವಿರ ಸಾಲ ಕೇಳುವುದು, ಫೋನ್ ಸದ್ದಿಗೆ ಬೆಚ್ಚುವುದು ಕಂಡರೆ ನೀವಾಗಿಯೇ ಕರೆದು ಮಾತಾಡಿಸಿ. "ಸಾಯ್ತೀನಿ" ಅನ್ನುವ ಮಾತು ಬಂದರೆ ಆ ರಾತ್ರಿ ಮಗು ಒಂಟಿಯಾಗಿರಬಾರದು. ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416 ದಿನದ 24 ಗಂಟೆಯೂ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಗೇಮ್ ಬಿಡಲಾಗದೆ ಊಟ ನಿದ್ದೆ ಕೆಟ್ಟಿರುವ ಮಕ್ಕಳಿಗೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಿಂದ ಶಟ್ ಕ್ಲಿನಿಕ್ ಇದೆ.

ಸೀಮೆಸುಣ್ಣ

ಎಲ್ಲರಿಗೂ ತುಂಬಾ ಧನ್ಯವಾದ. ಇನ್ನೆರಡು ಕೇಳುತ್ತೇನೆ. ವಾಟ್ಸಾಪ್ ಅಕೌಂಟೇ ಬೇರೆಯವರ ಕೈಗೆ ಹೋದರೆ ಏನು ಮಾಡಬೇಕು? ಮತ್ತೆ ನಮ್ಮ ತರಗತಿ ಗ್ರೂಪಿನಲ್ಲಿ ಪೋಷಕರ ನಂಬರುಗಳೆಲ್ಲ ಎಲ್ಲರಿಗೂ ಕಾಣುತ್ತವೆ. ಅಲ್ಲಿಂದ ನಂಬರ್ ತೆಗೆದು ಹೆಣ್ಣುಮಕ್ಕಳ ಮನೆಗೆ ಕರೆ ಮಾಡುತ್ತಾರೆ ಅನ್ನುವ ದೂರಿದೆ.

ಉತ್ತರ: ಸಿಗ್ನಲ್ ಕಡ್ಡಿ

"ನಿನ್ನ ನಂಬರಿಗೆ ತಪ್ಪಿ ಒಂದು ಕೋಡ್ ಬಂದಿದೆ, ಕಳಿಸು" ಅಂತ ಗೆಳೆಯನ ನಂಬರಿನಿಂದಲೇ ಬರುತ್ತದೆ, ಯಾಕೆಂದರೆ ಗೆಳೆಯನ ಅಕೌಂಟ್ ಆಗಲೇ ಹೋಗಿರುತ್ತದೆ. 6 ಅಂಕಿ ಕೊಟ್ಟರೆ ನಿಮ್ಮದೂ ಹೋಯಿತು. ವಾಪಸ್ ಪಡೆಯಲು ನಿಮ್ಮ ಫೋನಿನಲ್ಲಿ ವಾಟ್ಸಾಪ್ ತೆರೆದು ಅದೇ ನಂಬರ್ ಹಾಕಿ, ಬಂದ ಕೋಡ್ ಒತ್ತಿ. ಆ ಕ್ಷಣವೇ ಅವನು ಹೊರಗೆ ಬೀಳುತ್ತಾನೆ. ಆಮೇಲೂ ನಿಮಗೆ ಗೊತ್ತಿಲ್ಲದ ಪಿನ್ ಕೇಳಿದರೆ ಅವನು ಎರಡು ಹಂತದ ಪಿನ್ ಇಟ್ಟಿದ್ದಾನೆ ಅಂತರ್ಥ. 7 ದಿನ ಕಾಯಬೇಕು, ಆದರೆ ಆ 7 ದಿನ ಅವನಿಗೂ ಒಳಗೆ ಬರಲಾಗುವುದಿಲ್ಲ. ಆ ಪಿನ್ ಅನ್ನು ಇವತ್ತೇ ನೀವೇ ಇಟ್ಟುಬಿಟ್ಟರೆ ಈ ಪೇಚೇ ಇಲ್ಲ: ಸೆಟ್ಟಿಂಗ್ಸ್, ಅಕೌಂಟ್, ಟು ಸ್ಟೆಪ್ ವೆರಿಫಿಕೇಶನ್. ಜೊತೆಗೆ ಇಮೇಲ್ ಕೂಡ ಕೊಡಿ, ಪಿನ್ ಮರೆತಾಗ ಬೇಕಾಗುತ್ತದೆ.

ಸದ್ದಿಲ್ಲದೆ ನಡೆಯುವ ಇನ್ನೊಂದಿದೆ. ಒಂದು ನಿಮಿಷ ಫೋನ್ ಇಸ್ಕೊಂಡವನು 'ಲಿಂಕ್ಡ್ ಡಿವೈಸಸ್' ತೆರೆದು ತನ್ನ ಕಂಪ್ಯೂಟರಿನ ಕ್ಯೂಆರ್ ಸ್ಕ್ಯಾನ್ ಮಾಡಿದರೆ ಅಲ್ಲಿಂದ ಮುಂದೆ ನಿಮ್ಮ ಚಾಟೆಲ್ಲ ಅವನಿಗೂ ಕಾಣುತ್ತದೆ. ನಿಮ್ಮ ಫೋನಿನಲ್ಲಿ ಯಾವ ತೊಂದರೆಯೂ ಗೊತ್ತಾಗುವುದಿಲ್ಲ. ಆ ಪಟ್ಟಿಯನ್ನು ವಾರಕ್ಕೊಮ್ಮೆ ನೋಡಿ, ಪರಿಚಯವಿಲ್ಲದ್ದನ್ನು ಒತ್ತಿ ಲಾಗ್ ಔಟ್ ಮಾಡಿ.

ತರಗತಿ ಗ್ರೂಪಿಗೆ: 'ಅಡ್ಮಿನ್ ಮಾತ್ರ ಮೆಸೇಜ್ ಹಾಕಬಹುದು' ಅಂತ ಮಾಡಿದರೂ ಸದಸ್ಯರ ಪಟ್ಟಿ ಎಲ್ಲರಿಗೂ ಕಾಣುತ್ತಲೇ ಇರುತ್ತದೆ. ಅದರ ಬದಲು ವಾಟ್ಸಾಪ್ 'ಕಮ್ಯೂನಿಟಿ' ಮಾಡಿ, ಪೋಷಕರನ್ನು ಅದರ ಅನೌನ್ಸ್‌ಮೆಂಟ್ ಗ್ರೂಪಿಗೆ ಮಾತ್ರ ಸೇರಿಸಿ. ಅಲ್ಲಿ ಅಡ್ಮಿನ್‌ಗಳನ್ನು ಬಿಟ್ಟರೆ ಒಬ್ಬರ ನಂಬರ್ ಇನ್ನೊಬ್ಬರಿಗೆ ಕಾಣುವುದಿಲ್ಲ. ಅಡ್ಮಿನ್ ಇಬ್ಬರೇ ಇರಲಿ. ಹಳೆಯ ಗ್ರೂಪಿನಿಂದ ಒಬ್ಬೊಬ್ಬರನ್ನೇ ತೆಗೆದು ಕೊನೆಗೆ ಅಳಿಸಿ, ಸುಮ್ಮನೆ ಬಿಟ್ಟರೆ ಪಟ್ಟಿ ಅಲ್ಲೇ ಉಳಿಯುತ್ತದೆ. ಈಗಾಗಲೇ ನಂಬರ್ ಹೋಗಿರುವ ಮನೆಯವರು ಪ್ರೈವಸಿಯಲ್ಲಿ 'ಸೈಲೆನ್ಸ್ ಅನ್‌ನೋನ್ ಕಾಲರ್ಸ್' ಆನ್ ಮಾಡಲಿ. ಡಿಪಿ ಮತ್ತು ಗ್ರೂಪಿಗೆ ಸೇರಿಸುವ ಅನುಮತಿ ಎರಡನ್ನೂ 'ಮೈ ಕಾಂಟ್ಯಾಕ್ಟ್ಸ್'ಗೆ ಇಳಿಸಲಿ. ಸೈಲೆನ್ಸ್ ಸೆಟ್ಟಿಂಗ್ ವಾಟ್ಸಾಪ್ ಕರೆಗೆ ಮಾತ್ರ. ಸಿಮ್‌ಗೆ ಬರುವ ಮಾಮೂಲಿ ಕರೆಗೆ ಫೋನಿನ ಡಯಲರ್‌ನಲ್ಲೇ ಬ್ಲಾಕ್ ಮಾಡಬೇಕು, ಪದೇ ಪದೇ ಬರುತ್ತಿದ್ದರೆ ಕರೆಗಳ ಪಟ್ಟಿಯ ಸ್ಕ್ರೀನ್‌ಶಾಟ್ ಇಟ್ಟುಕೊಂಡು ಠಾಣೆಗೆ ಹೋಗಿ.